ನಾನಾವತಿಗೆ ಸಿಕ್ಕ ಕ್ಷಮೆ

1994ರ ದಸರಾ ರಜೆ. ಬಾಡಿಗೆಗೆ ತಂದ ವಿಸಿಪಿಯಲ್ಲಿ ಮನೆಮಂದಿಯೆಲ್ಲ ಕೂತು ಹಳೆಯ ಹಿಂದಿ ಸಿನಿಮಾವೊಂದನ್ನು ನೋಡುತ್ತಿದ್ದೆವು. 1963ರಲ್ಲಿ ಬಂದ ‘ಯೇ ರಾಸ್ತೆ ಹೈಂ ಪ್ಯಾರ್ ಕೇ’. ಸುನಿಲ್ ದತ್ ನಾಯಕ, ಲೀಲಾ ನಾಯ್ಡು ಆತನ ಹೆಂಡತಿ, ಗಂಡ ಊರಲ್ಲಿಲ್ಲದಾಗ ಆಕೆಗೆ ಹತ್ತಿರವಾಗುವ ಗೆಳೆಯನಾಗಿ ರೆಹಮಾನ್. ಗೆಳೆಯ ಗುಂಡಿಗೆ ಬಲಿಯಾಗುತ್ತಾನೆ, ಗಂಡ ಕಟಕಟೆಗೆ ಬರುತ್ತಾನೆ. ಅಮ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡು ‘ಪಾಪ’ ಎಂದರು. ಮೂಲೆಯಲ್ಲಿ ಕೂತಿದ್ದ ಅಬ್ಬಾ ಮಾತ್ರ, ‘ಸತ್ತವನಿಗೂ ಒಡಹುಟ್ಟಿದವಳು ಒಬ್ಬಳಿದ್ದಳು. ಅವಳನ್ನು ಸಿನಿಮಾದವರು ಮರೆತರು’ ಎಂದರು.

ಅಬ್ಬಾ ಹದಿಹರೆಯದಲ್ಲಿ ಬೊಂಬಾಯಿಯ ಒಂದು ಇರಾನಿ ಹೋಟೆಲಿನಲ್ಲಿ ಕೆಲಸಕ್ಕಿದ್ದವರು. 1959ರ ಆ ಮೊಕದ್ದಮೆಯ ದಿನಗಳಲ್ಲಿ ಹೋಟೆಲಿನ ಗಲ್ಲಾದ ಮೇಲೆ ‘ಬ್ಲಿಟ್ಜ್’ ವಾರಪತ್ರಿಕೆ ಇರುತ್ತಿತ್ತಂತೆ. ಗಿರಾಕಿಗಳು ಒಂದೇ ಚಹಾ ಹೇಳಿ ಗಂಟೆಗಟ್ಟಲೆ ಅದನ್ನೇ ಓದುತ್ತ ಕೂರುತ್ತಿದ್ದರಂತೆ. ಹಣವಂತರಿಗೆ, ಹೆಸರುವಾಸಿಗಳಿಗೆ ನಮ್ಮ ನ್ಯಾಯವ್ಯವಸ್ಥೆ ಮೆದುವಾಗುತ್ತದೆಯೇ ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ಆ ಚಹಾದ ಲೋಟಗಳು ಕಣ್ಣಿಗೆ ಕಟ್ಟುತ್ತವೆ. ಸಿನಿಮಾಕ್ಕೆ ಮೂಲವಾದ ಆ ಮೊಕದ್ದಮೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಕಮಾಂಡರ್ ಕವಾಸ್ ಮಾಣೆಕ್‌ಶಾ ನಾನಾವತಿ ಪಾರ್ಸಿ. ‘ಐಎನ್‌ಎಸ್ ಮೈಸೂರು’ ಎಂಬ ಯುದ್ಧನೌಕೆಯಲ್ಲಿ ಎರಡನೆಯ ಸ್ಥಾನದ ಅಧಿಕಾರಿ. ಹೆಂಡತಿ ಸಿಲ್ವಿಯಾ ಇಂಗ್ಲಿಷ್ ಹೆಣ್ಣು, ಮೂವರು ಮಕ್ಕಳು. ಪ್ರೇಮ್ ಆಹುಜಾ ಸಿಂಧಿ, ಮೋಟಾರು ವಾಹನಗಳ ವ್ಯಾಪಾರಿ, ಮನೆಗೆ ಬಂದುಹೋಗುತ್ತಿದ್ದ ಸ್ನೇಹಿತ. 1959ರ ಏಪ್ರಿಲ್ 27ರಂದು ಮಧ್ಯಾಹ್ನ ಸಿಲ್ವಿಯಾ ಆಹುಜಾನೊಂದಿಗಿನ ಸಂಬಂಧವನ್ನು ಗಂಡನ ಮುಂದೆ ಒಪ್ಪಿಕೊಂಡಳು. ನಾನಾವತಿ ಅಲ್ಲೇ ಕೂಗಾಡಲಿಲ್ಲ. ಹೆಂಡತಿ ಮಕ್ಕಳನ್ನು ಮೆಟ್ರೊ ಚಿತ್ರಮಂದಿರಕ್ಕೆ ಕರೆದೊಯ್ದು ಬಿಟ್ಟ. ಹಡಗಿಗೆ ಹೋಗಿ ಸುಳ್ಳು ಕಾರಣ ಹೇಳಿ ಒಂದು ರಿವಾಲ್ವರ್, ಆರು ಗುಂಡು ಪಡೆದ. ಆಹುಜಾನ ಕಚೇರಿಯಲ್ಲಿ ವಿಚಾರಿಸಿ, ಅಲ್ಲಿಲ್ಲ ಎಂದ ಮೇಲೆ ಅವನ ಫ್ಲ್ಯಾಟಿಗೆ ಹೋದ. ಆಹುಜಾ ಆಗಷ್ಟೇ ಸ್ನಾನ ಮುಗಿಸಿದ್ದ. ಮಲಗುವ ಕೋಣೆಯ ಬಾಗಿಲು ಮುಚ್ಚಿತು. ಮೂರು ಗುಂಡು ಹಾರಿದವು. ಬಳಿಕ ನಾನಾವತಿ ತಾನಾಗಿಯೇ ಹೋಗಿ ಶರಣಾದ.

ಇಬ್ಬರೂ ಜಗ್ಗಾಡಿದಾಗ ರಿವಾಲ್ವರ್ ಆಕಸ್ಮಿಕವಾಗಿ ಸಿಡಿಯಿತು ಎಂಬುದು ಆರೋಪಿಯ ಪರ ವಾದ. ಪ್ರಾಸಿಕ್ಯೂಷನ್ ತೋರಿಸಿದ್ದು ಒಂದು ಟವೆಲ್ಲನ್ನು. ಸ್ನಾನ ಮಾಡಿ ಬಂದವನ ಸೊಂಟದ ಟವೆಲ್, ಅವನು ಸತ್ತು ಬಿದ್ದ ಮೇಲೂ ಜಾರಿರಲಿಲ್ಲ. ಇಬ್ಬರು ಗಂಡಸರು ಹೊಡೆದಾಡಿದ್ದರೆ ಟವೆಲ್ ನಿಲ್ಲುತ್ತಿತ್ತೇ? ಕತೆ ಬರೆಯುವವನಾಗಿ ಹೇಳುತ್ತೇನೆ, ಇಂಥ ಒಂದು ವಿವರ ಸಾವಿರ ಮಾತಿಗಿಂತ ದೊಡ್ಡದು. ಆದರೆ ಬೊಂಬಾಯಿಗೆ ಆ ಟವೆಲ್ ತಮಾಷೆಯ ವಸ್ತುವಾಯಿತು. ಬೀದಿಯಲ್ಲಿ ‘ಆಹುಜಾ ಟವೆಲ್’, ಮಕ್ಕಳ ಆಟಕ್ಕೆ ‘ನಾನಾವತಿ ರಿವಾಲ್ವರ್’ ಮಾರಾಟಕ್ಕೆ ಬಂದವು.

ಇದನ್ನು ಮಾಡಿದ್ದು ಮುಖ್ಯವಾಗಿ ‘ಬ್ಲಿಟ್ಜ್’. ಸಂಪಾದಕ ಆರ್.ಕೆ. ಕರಂಜಿಯಾ ಕೂಡ ಪಾರ್ಸಿ. ಆದರೆ ಜಾತಿಯ ಮಮತೆ ಒಂದರಿಂದಲೇ ಇಷ್ಟಾಗುವುದಿಲ್ಲ. ಪತ್ರಿಕೆಗೆ ಒಂದು ಕತೆ ಸಿಕ್ಕಿತ್ತು: ದೇಶಕ್ಕಾಗಿ ಕಡಲಲ್ಲಿರುವ ಸುಂದರ, ಶಿಸ್ತಿನ ಅಧಿಕಾರಿ, ಆತನ ಬೆನ್ನ ಹಿಂದೆ ಮನೆ ಹೊಕ್ಕ ದುಡ್ಡಿನ ಮದದ ವಿಲಾಸಿ. 25 ಪೈಸೆಯ ಸಂಚಿಕೆ ಎರಡು ರೂಪಾಯಿಗೆ ಮಾರಾಟವಾಯಿತು. ಬಿಳಿ ಸಮವಸ್ತ್ರದಲ್ಲಿ, ಎದೆಯ ಮೇಲೆ ಪದಕಗಳೊಂದಿಗೆ ನಾನಾವತಿ ನ್ಯಾಯಾಲಯಕ್ಕೆ ಬರುತ್ತಿದ್ದರೆ ಹೊರಗೆ ಹೆಂಗಸರು ಕಾದು ನಿಲ್ಲುತ್ತಿದ್ದರು. ಗಮನಿಸಿ, ಇಬ್ಬರಲ್ಲಿ ಹೆಚ್ಚು ದುಡ್ಡಿದ್ದವನು ಸತ್ತವನೇ. ಇಲ್ಲಿ ಕೆಲಸ ಮಾಡಿದ್ದು ಹಣಕ್ಕಿಂತ ಹೆಚ್ಚಾಗಿ ವರ್ಚಸ್ಸು.

1959ರ ಅಕ್ಟೋಬರ್ 21ರಂದು ಸೆಷನ್ಸ್ ನ್ಯಾಯಾಲಯದ ಜ್ಯೂರಿ, ಎಂಟಕ್ಕೆ ಒಂದು ಮತದಿಂದ, ನಾನಾವತಿ ನಿರ್ದೋಷಿ ಎಂದಿತು. ನ್ಯಾಯಾಧೀಶ ರತಿಲಾಲ್ ಮೆಹ್ತಾ ಆ ತೀರ್ಮಾನ ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳಿಸಿದರು. ಈ ಮೊಕದ್ದಮೆಯೊಂದಿಗೇ ದೇಶದಲ್ಲಿ ಜ್ಯೂರಿ ಪದ್ಧತಿ ಮುಗಿಯಿತು ಎಂದು ಎಲ್ಲರೂ ಬರೆಯುತ್ತಾರೆ. ಅದು ಪೂರ್ತಿ ನಿಜವಲ್ಲ. ಆಮೇಲೂ ಕೆಲವು ಜ್ಯೂರಿ ವಿಚಾರಣೆಗಳು ನಡೆದವು. ಪದ್ಧತಿಯನ್ನು ಪೂರ್ತಿ ಕೈಬಿಟ್ಟದ್ದು 1973ರ ದಂಡಪ್ರಕ್ರಿಯಾ ಸಂಹಿತೆ.

1960ರ ಮಾರ್ಚ್ 11ರಂದು ಬೊಂಬಾಯಿ ಹೈಕೋರ್ಟ್ ನಾನಾವತಿ ಕೊಲೆಗಾರನೆಂದು ಜೀವಾವಧಿ ಶಿಕ್ಷೆ ವಿಧಿಸಿತು. ಮುಂದೆ 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನ್ಯಾಯಮೂರ್ತಿ ಸುಬ್ಬರಾವ್ ಬರೆದ ಆ ತೀರ್ಪಿನ ಮುಖ್ಯ ಮಾತು ಗಡಿಯಾರದ್ದು. ನಾನಾವತಿ ಮನೆ ಬಿಟ್ಟದ್ದು ಮಧ್ಯಾಹ್ನ ಒಂದೂವರೆಗೆ, ಕೊಲೆಯಾದದ್ದು ನಾಲ್ಕು ಇಪ್ಪತ್ತಕ್ಕೆ. ಹಠಾತ್ ಕೆರಳಿದವನಿಗೆ ತಣ್ಣಗಾಗಲು ಸಾಕಷ್ಟು ಹೊತ್ತು. ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುವ ತೀರ್ಪು ಅದು. ಅಂದರೆ ನ್ಯಾಯಾಲಯ ಮೆದುವಾಗಲಿಲ್ಲ. ಇಲ್ಲಿಗೇ ನಿಲ್ಲಿಸಿದರೆ ನನ್ನ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದಾಗುತ್ತದೆ.

ಆದರೆ ತೀರ್ಪಿನ ಸುತ್ತ ಒಂದು ಪಡಸಾಲೆ ಇರುತ್ತದೆ. ಆರೋಪಿಯನ್ನು ಎಲ್ಲಿಡಬೇಕು, ಎಷ್ಟು ದಿನ ಕಾಯಿಸಬೇಕು, ಅವನ ಅರ್ಜಿ ಯಾರ ಮೇಜಿಗೆ ಹೋಗಬೇಕು ಎಂಬುದೆಲ್ಲ ನಿರ್ಧಾರವಾಗುವುದು ಆ ಪಡಸಾಲೆಯಲ್ಲಿ. ನಾನಾವತಿ ವಿಚಾರಣೆಯ ಕಾಲದಲ್ಲಿ ಸಾಮಾನ್ಯ ಕೊಲೆ ಆರೋಪಿಗಳಂತೆ ಜೈಲಿನಲ್ಲಿರಲಿಲ್ಲ, ನೌಕಾಪಡೆಯ ವಶದಲ್ಲಿದ್ದ. ಹೈಕೋರ್ಟ್ ಶಿಕ್ಷೆ ಕೊಟ್ಟ ದಿನವೇ ರಾಜ್ಯಪಾಲ ಶ್ರೀಪ್ರಕಾಶರು ಆದೇಶ ಹೊರಡಿಸಿ, ಸುಪ್ರೀಂ ಕೋರ್ಟಿನ ಮೇಲ್ಮನವಿ ಮುಗಿಯುವವರೆಗೆ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು. ನಾನಾವತಿ ‘ಐಎನ್‌ಎಸ್ ಕುಂಜಾಲಿ’ಯ ನೌಕಾ ವಶದಲ್ಲೇ ಉಳಿಯಬೇಕೆಂಬುದು ಆದೇಶ. ಬಂಧನದ ವಾರಂಟ್ ಜಾರಿಯಾಗದೆ ಮರಳಿತು. ಹೀಗೆ ಸಲಹೆ ಕೊಟ್ಟವರಲ್ಲಿ ತಾನೂ ಒಬ್ಬನೆಂದು ಪ್ರಧಾನಿ ನೆಹರೂ ಮರೆಮಾಚದೆ ಹೇಳಿದರು. ನೆಹರೂ ಬಗ್ಗೆ ನಮ್ಮ ಮನೆಯಲ್ಲಿ ಭಕ್ತಿಯೇ ಇತ್ತು. ಆದರೂ ಅಬ್ಬಾ ಈ ಒಂದು ಸಂಗತಿಯನ್ನು ಕೊನೆಯವರೆಗೂ ಒಪ್ಪಲಿಲ್ಲ. 1960ರ ಸೆಪ್ಟೆಂಬರ್ 5ರಂದು ಸಂವಿಧಾನ ಪೀಠ, ಮೇಲ್ಮನವಿ ತನ್ನ ಮುಂದಿರುವಾಗ ರಾಜ್ಯಪಾಲರು ಹೀಗೆ ನಡುವೆ ಬರುವಂತಿಲ್ಲ ಎಂದು ಹೇಳಿದ ಮೇಲೆಯೇ ಕಮಾಂಡರ್ ಸಾಹೇಬರು ಜೈಲು ಕಂಡದ್ದು.

ಈ ಪಡಸಾಲೆ ಕನ್ನಡಿಗರಿಗೆ ಹೊಸದಲ್ಲ. ಕೊಲೆ ಆರೋಪದಲ್ಲಿ ಬಂಧಿತರಾಗಿದ್ದ ನಟ ದರ್ಶನ್ ಪರಪ್ಪನ ಅಗ್ರಹಾರ ಜೈಲಿನೊಳಗೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಸಿಗರೇಟು, ಮಗ್ಗು ಹಿಡಿದು ಕೂತ ಚಿತ್ರ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಹಲವು ಜೈಲು ಅಧಿಕಾರಿಗಳು ಅಮಾನತಾದರು, ನಟನನ್ನು ಬಳ್ಳಾರಿಗೆ ಕಳಿಸಲಾಯಿತು. ಆ ಡಿಸೆಂಬರ್‌ನಲ್ಲಿ ಹೈಕೋರ್ಟ್ ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತು. ತಪ್ಪಿತಸ್ಥರೋ ಅಲ್ಲವೋ ಎಂಬುದು ನನ್ನ ವಿಷಯವಲ್ಲ. ನಾನು ಹೇಳುತ್ತಿರುವುದು ಆ ಕುರ್ಚಿಯ ಬಗ್ಗೆ.

ಮತ್ತೆ ಬೊಂಬಾಯಿಗೆ ಬರೋಣ. ಮೂರು ವರ್ಷವೂ ಜೈಲಿನಲ್ಲಿ ಕಳೆಯದೆ, ಆರೋಗ್ಯದ ಕಾರಣಕ್ಕೆ ಪೆರೋಲ್ ಪಡೆದು ನಾನಾವತಿ ಲೋಣಾವಳದ ಬಂಗಲೆಯೊಂದಕ್ಕೆ ಹೋದ. ಉಳಿದದ್ದು ಕ್ಷಮಾದಾನ. ಅದಕ್ಕೊಂದು ತೊಡಕಿತ್ತು. ಸಿಂಧಿಗಳು ದೇಶ ವಿಭಜನೆಯಲ್ಲಿ ಎಲ್ಲ ಕಳೆದುಕೊಂಡು ಬಂದವರು. ತಮ್ಮವನನ್ನು ಕೊಂದವನನ್ನು ಸರ್ಕಾರ ಸುಮ್ಮನೆ ಬಿಟ್ಟುಬಿಟ್ಟರೆ ಅವರು ಕೆರಳುತ್ತಿದ್ದರು. ಆಗ ಒಂದು ಉಪಾಯ ಒದಗಿತು. ಭಾಯಿ ಪ್ರತಾಪ್ ಎಂಬ ಸಿಂಧಿ ಉದ್ಯಮಿ, ಸ್ವಾತಂತ್ರ್ಯ ಹೋರಾಟಗಾರ, ನಿರಾಶ್ರಿತರಿಗಾಗಿ ಕಛ್‌ನಲ್ಲಿ ಗಾಂಧಿಧಾಮ ಕಟ್ಟಿದವರು, ಆಮದು ಪರವಾನಗಿ ದುರುಪಯೋಗದ ಪ್ರಕರಣದಲ್ಲಿ ಶಿಕ್ಷೆಗೆ ಗುರಿಯಾಗಿದ್ದರು. ಇಬ್ಬರಿಗೂ ಒಟ್ಟಿಗೇ ಕ್ಷಮೆ! ಅತ್ತ ಪಾರ್ಸಿಗಳಿಗೂ ಸಮಾಧಾನ, ಇತ್ತ ಸಿಂಧಿಗಳಿಗೂ. ಆಹುಜಾನ ಸಹೋದರಿಯ ಪರವಾಗಿದ್ದ ವಕೀಲ ರಾಮ್ ಜೇಠ್ಮಲಾನಿ ಮುಂದೆ ಹೇಳಿಕೊಂಡಂತೆ, ನಾನಾವತಿಯ ಕಡೆಯವರು ಅವರ ಬಳಿಗೇ ಬಂದರು. ಆ ಸಹೋದರಿ ಆಕ್ಷೇಪವಿಲ್ಲವೆಂದು ಬರೆದುಕೊಟ್ಟಳು. 1964ರಲ್ಲಿ ಕ್ಷಮಾದಾನಕ್ಕೆ ಸಹಿ ಹಾಕಿದ ರಾಜ್ಯಪಾಲರು ನೆಹರೂ ಅವರ ಸಹೋದರಿ ವಿಜಯಲಕ್ಷ್ಮಿ ಪಂಡಿತ್. ನಾನಾವತಿ ಕುಟುಂಬ 1968ರಲ್ಲಿ ಕೆನಡಾಕ್ಕೆ ಹೋಯಿತು. ಆತ 2003ರಲ್ಲಿ ಅಲ್ಲೇ ತೀರಿಕೊಂಡ.

ಅಬ್ಬಾ ಹೇಳುತ್ತಿದ್ದ ‘ಒಡಹುಟ್ಟಿದವಳು’ ಈಕೆಯೇ. ಮಾಫಿ ಕೊಡುವ ಹಕ್ಕು ಮೊದಲು ಸತ್ತವರ ಕಡೆಯವರದ್ದು ಎಂದು ನಮ್ಮಲ್ಲಿ ನಂಬಿಕೆ. ಹಾಗೆ ನೋಡಿದರೆ ಆಕೆಯನ್ನು ಕೇಳಿದ್ದು ಸರಿಯೇ. ಆದರೆ ಇಡೀ ಊರು, ಪತ್ರಿಕೆ, ನೌಕಾಪಡೆ, ಸರ್ಕಾರ ಒಂದು ಕಡೆ ನಿಂತಿರುವಾಗ ಒಬ್ಬ ಹೆಣ್ಣು ಬರೆದುಕೊಟ್ಟ ಕಾಗದದಲ್ಲಿ ಮಾಫಿ ಎಷ್ಟು, ದಣಿವು ಎಷ್ಟು ಎಂದು ನನಗೆ ಅಳೆಯಲಾಗಿಲ್ಲ.

ನಾವು ಆ ಸಿನಿಮಾ ನೋಡುತ್ತಿದ್ದ ದಸರಾ ರಜೆಗೆ ಹಿಂತಿರುಗುತ್ತೇನೆ. ಆ ಚಿತ್ರವನ್ನು ನಿರ್ಮಿಸಿದ್ದೂ ಸುನಿಲ್ ದತ್ತರೇ. ನಾವು ನೋಡುವ ಹೊತ್ತಿಗೆ ಅವರ ಮಗ ಸಂಜಯ್ ದತ್ ನಿಜವಾಗಿಯೇ ಜೈಲಿನಲ್ಲಿದ್ದ. ನಮ್ಮ ಶಾಲೆಯ ಹುಡುಗರು ‘ಖಳ್‌ನಾಯಕ್’ ನೋಡಿ ಅವನಂತೆ ಕೂದಲು ಬಿಟ್ಟಿದ್ದರು. 1993ರ ಮಾರ್ಚ್ 12ರಂದು ಬೊಂಬಾಯಿಯ ಸರಣಿ ಸ್ಫೋಟಗಳಲ್ಲಿ 257 ಜನ ಸತ್ತರು. ಅದೇ ಜಾಲದವರಿಂದ ಒಂದು ಎಕೆ-56 ಬಂದೂಕು ಪಡೆದು ಮನೆಯಲ್ಲಿಟ್ಟುಕೊಂಡ, ನಂತರ ಗೆಳೆಯರ ಮೂಲಕ ಅದನ್ನು ನಾಶಪಡಿಸಿದ ಎಂಬುದು ಸಂಜಯ್ ಮೇಲಿನ ಆರೋಪ. ತಂದೆ ಗಲಭೆ ಸಂತ್ರಸ್ತ ಮುಸ್ಲಿಮರಿಗೆ ನೆರವಾಗಿದ್ದಕ್ಕೆ ಕುಟುಂಬಕ್ಕೆ ಬೆದರಿಕೆ ಬರುತ್ತಿತ್ತು, ರಕ್ಷಣೆಗಾಗಿ ಇಟ್ಟುಕೊಂಡೆ ಎಂಬುದು ಅವನ ವಿವರಣೆ. ಸುನಿಲ್ ದತ್ ನೆರವಾದದ್ದು ನಿಜ. ಅದನ್ನು ಮರೆತರೆ ನಾವು ಕೃತಘ್ನರು.

2006ರಲ್ಲಿ ಟಾಡಾ ನ್ಯಾಯಾಲಯ ಸಂಜಯ್‌ನನ್ನು ಭಯೋತ್ಪಾದನೆಯ ಆರೋಪದಿಂದ ಬಿಡುಗಡೆ ಮಾಡಿ, ಶಸ್ತ್ರಾಸ್ತ್ರ ಕಾಯ್ದೆಯಡಿ ಮಾತ್ರ ತಪ್ಪಿತಸ್ಥ ಎಂದಿತು. 2007ರಲ್ಲಿ ಆರು ವರ್ಷ ಶಿಕ್ಷೆ. 2013ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಅದನ್ನು ಐದು ವರ್ಷಕ್ಕಿಳಿಸಿತು. ಟಾಡಾ ಬಿಡುಗಡೆಯ ವಿರುದ್ಧ ಸಿಬಿಐ ಮೇಲ್ಮನವಿಯನ್ನೇ ಹಾಕಿರಲಿಲ್ಲ. ಇದೇ ಪ್ರಕರಣದಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬ ಮುಸ್ಲಿಂ ಹೆಂಗಸೂ ಇದ್ದಳು. ಸಂಜಯ್ ಮನೆಯಿಂದ ಹೊರಟ ಆಯುಧಗಳ ಚೀಲವನ್ನು ಆಕೆಯ ಮನೆಯಲ್ಲಿ ಕೆಲವು ದಿನ ಇಡಲಾಗಿತ್ತು ಎಂಬುದು ಪ್ರಾಸಿಕ್ಯೂಷನ್ ವಾದ. ಚೀಲದಲ್ಲೇನಿದೆ ಎಂದು ತನಗೆ ಗೊತ್ತಿರಲಿಲ್ಲ ಎಂದಳು. ಗೊತ್ತಿತ್ತು ಎಂದಿತು ನ್ಯಾಯಾಲಯ. ಆಕೆಗೂ ಐದು ವರ್ಷ. ಆದರೆ ಟಾಡಾ ಅಡಿಯಲ್ಲಿ. ಒಬ್ಬ ಬಂದೂಕು ಇಟ್ಟುಕೊಂಡವನು, ಒಬ್ಬಳು ಚೀಲ ಇಟ್ಟುಕೊಂಡವಳು. ಭಯೋತ್ಪಾದಕಿ ಎಂಬ ಹಣೆಪಟ್ಟಿ ಬಿದ್ದದ್ದು ಚೀಲದವಳ ಮೇಲೆ.

ಅವಳ ಹೆಸರನ್ನು ನಾನು ಬರೆಯುತ್ತಿಲ್ಲ. ಬರೆದರೂ ಎಷ್ಟು ಓದುಗರಿಗೆ ಗುರುತು ಸಿಗುತ್ತದೆ?

ತೀರ್ಪು ಬಂದ ಕೂಡಲೇ ಸಂಜಯ್‌ಗೆ ಕ್ಷಮೆ ಕೊಡಿ ಎಂದು ಸಚಿವರು, ಸಂಸದರು, ನಟನಟಿಯರು ದನಿಯೆತ್ತಿದರು. ಪ್ರೆಸ್ ಕೌನ್ಸಿಲ್ ಅಧ್ಯಕ್ಷರಾಗಿದ್ದ ನಿವೃತ್ತ ನ್ಯಾಯಮೂರ್ತಿ ಮಾರ್ಕಾಂಡೇಯ ಕಾಟ್ಜು ಮೊದಲು ಸಂಜಯ್ ಪರವಾಗಿ ಬರೆದರು, ಆಮೇಲೆ ಈ ಮುದುಕಿಯ ಹೆಸರನ್ನೂ ಸೇರಿಸಿದರು. ಮತ್ತೆ ಜೋಡಿ ಕ್ಷಮೆ! 1964ರ ತಕ್ಕಡಿಯೇ ಮರಳಿ ಬಂದಂತೆ ನನಗೆ ಕಂಡಿತು. ಕಾಟ್ಜು ಅವರದು ಪ್ರಾಮಾಣಿಕ ಕಾಳಜಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಸಂಜಯ್ ಇರದಿದ್ದರೆ ಆಕೆಯ ಅರ್ಜಿಯ ಸುದ್ದಿ ಪತ್ರಿಕೆಗಳ ಮೂಲೆಗಾದರೂ ಬರುತ್ತಿತ್ತೇ?

ನ್ಯಾಯವಾಗಿ ಹೇಳಬೇಕೆಂದರೆ ಸಂಜಯ್‌ಗೆ ಆ ಕ್ಷಮೆ ಸಿಗಲಿಲ್ಲ. ರಾಜ್ಯಪಾಲರು 2015ರಲ್ಲಿ ಅರ್ಜಿ ತಿರಸ್ಕರಿಸಿದರು. ವಿಚಾರಣಾಧೀನ ಕೈದಿಯಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಒಳಗಿದ್ದದ್ದೂ ಸುಳ್ಳಲ್ಲ. ಆದರೆ ಶರಣಾಗಲು ಸಿನಿಮಾ ಕೆಲಸ ಬಾಕಿಯಿದೆಯೆಂದು ನಾಲ್ಕು ವಾರ ಹೆಚ್ಚು ಸಿಕ್ಕಿತು. ಯರವಡಾ ಸೇರಿ ಐದು ತಿಂಗಳಿಗೆ ಫರ್ಲೋ, ಅದಕ್ಕೆ ವಿಸ್ತರಣೆ. ಹೆಂಡತಿಯ ಅನಾರೋಗ್ಯಕ್ಕೆ ಪೆರೋಲ್, ಅದಕ್ಕೂ ವಿಸ್ತರಣೆಯ ಮೇಲೆ ವಿಸ್ತರಣೆ. ಸನ್ನಡತೆಯ ರಿಯಾಯಿತಿ ಸೇರಿ 2016ರ ಫೆಬ್ರವರಿ 25ರಂದು, ಅವಧಿಗೆ ಮೊದಲೇ, ಬಿಡುಗಡೆ. ಇದು ನಿಯಮಬದ್ಧವೇ ಎಂದು ಹೈಕೋರ್ಟ್ ಕೇಳಿತು. 2018ರಲ್ಲಿ ಸರ್ಕಾರದ ಉತ್ತರ ಒಪ್ಪಿಕೊಂಡಿತು. ನಿಯಮ ಮುರಿದಿರಲಿಲ್ಲ. ಪೆರೋಲ್ ಎಲ್ಲ ಕೈದಿಗಳಿಗೂ ಇದೆ. ಅರ್ಜಿ ಬರೆಯಲು ಬಾರದವನ ಪೆರೋಲ್ ಅರ್ಜಿ ಎಷ್ಟು ತಿಂಗಳು ಪೊಲೀಸ್ ಠಾಣೆಯ ವರದಿಗಾಗಿ ಕಾಯುತ್ತದೆ ಎಂಬುದನ್ನು ಜೈಲಿನ ಬಾಗಿಲಲ್ಲಿ ಕಾದು ನಿಂತ ಯಾವ ತಾಯಿಯಾದರೂ ಹೇಳುತ್ತಾಳೆ.

ಬಿಡುಗಡೆಯ ದಿನ ಸಂಜಯ್ ನೆಲ ಮುಟ್ಟಿ ನಮಸ್ಕರಿಸಿ, ಜೈಲಿನ ಮೇಲಿನ ಬಾವುಟಕ್ಕೆ ಸಲ್ಯೂಟ್ ಹೊಡೆದದ್ದನ್ನು ಟಿವಿಯಲ್ಲಿ ದೇಶವೇ ನೋಡಿತು. ಮುಂಬೈಗೆ ಬಂದು ತಾಯಿ ನರ್ಗಿಸ್ ಅವರ ಕಬರಿಗೆ ಹೋದ. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳೇಕೆ ಹೇಳಲಿ. 2018ರಲ್ಲಿ ‘ಸಂಜು’ ಎಂಬ ಸಿನಿಮಾವೇ ಬಂತು, ಕೋಟಿಗಟ್ಟಲೆ ಗಳಿಸಿತು. ತಂದೆ ನಾನಾವತಿಯ ಕತೆಯನ್ನು ಸಿನಿಮಾ ಮಾಡಿದ್ದರು, ಮಗನ ಕತೆಯನ್ನು ಬೇರೆಯವರು ಮಾಡಿದರು.

ಆ ಮುದುಕಿಯ ಬಗ್ಗೆ ಒಂದು ಕತೆ ಬರೆಯಬೇಕೆಂದು ಹಲವು ಸಲ ಕೂತಿದ್ದೇನೆ. ಪರಿಚಯದ ಹುಡುಗನೊಬ್ಬ ಬಾಗಿಲು ತಟ್ಟುತ್ತಾನೆ. ‘ಖಾಲಾ, ಈ ಚೀಲ ಎರಡು ದಿನ ಇಲ್ಲಿರಲಿ’ ಎನ್ನುತ್ತಾನೆ. ಆಕೆ ಚೀಲವನ್ನೂ ಹುಡುಗನ ಮುಖವನ್ನೂ ನೋಡುತ್ತಾಳೆ. ಆಕೆಗೆ ಗೊತ್ತಿತ್ತೋ ಇಲ್ಲವೋ ಎಂದು ತೀರ್ಮಾನಿಸಲಾಗದೆ ನನ್ನ ಕತೆ ಪ್ರತಿಸಲವೂ ಆ ಬಾಗಿಲಲ್ಲೇ ನಿಲ್ಲುತ್ತದೆ.