ಬಸ್ಸೆಂಬ ವಿಭಕ್ತಿ

‘ಹುಬ್ಬಳ್ಳಿ ಗಾಡಿ ಹೋತೇನ್ರಿ?’ ಮಿಶ್ರಿಕೋಟಿಯಲ್ಲಿ ಬಸ್ಸಿಗೆ ಕಾಯುವವರು ಕೇಳುವುದೇ ಹೀಗೆ. ನಮ್ಮ ಕಡೆ ಗಾಡಿ ಅಂದರೆ ಬಸ್ಸೂ ಹೌದು, ರೈಲೂ ಹೌದು, ಬೈಕೂ ಹೌದು. ಎತ್ತು ಹೂಡಿದ್ದು ಮಾತ್ರ ಚಕ್ಕಡಿ. ಮರಾಠಿಯ ‘ಛಕಡಾ’ ಅದರ ನೆಂಟ; ಬೇರು ಹಿಡಿದು ಹೋದರೆ ಸಿಗುವುದು ಸಂಸ್ಕೃತದ ‘ಶಕಟ’. ಮಗು ಕೃಷ್ಣ ಒದ್ದು ಉರುಳಿಸಿದ ಶಕಟಾಸುರನ ಬಂಡಿಯೂ ಅದೇ. ಬಸ್ಸಿಗೆ ಇಂಥ ಹಳೆಯ ಬಳಗವಿಲ್ಲ ಎಂದುಕೊಂಡಿದ್ದೆ.

ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲು ನೋಡುತ್ತ ನಿಂತಾಗ ಒಂದು ಪ್ರಶ್ನೆ ಹುಟ್ಟಿತು. ಪ್ರತಿ ಕಾರಿಗೂ ಒಬ್ಬ ಒಡೆಯನಿದ್ದ. ಬಸ್ಸಿಗೆ ಒಡೆಯ ಯಾರು?

ಉತ್ತರ ಆ ಪದದ ಹೊಟ್ಟೆಯಲ್ಲೇ ಇದೆ. ಲ್ಯಾಟಿನ್ನಿನಲ್ಲಿ ‘ಓಮ್ನಿಸ್’ ಅಂದರೆ ಎಲ್ಲ. ‘ಓಮ್ನಿಬಸ್’ ಅಂದರೆ ಎಲ್ಲರಿಗೆ. 1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಊರಿನ ಸ್ತಾನಿಸ್ಲಾಸ್ ಬೋದ್ರಿ ತನ್ನ ಸ್ನಾನಗೃಹಕ್ಕೆ ಗಿರಾಕಿಗಳನ್ನು ತರಲು ಕುದುರೆಗಾಡಿ ಓಡಿಸಿದ. ಜನ ಹತ್ತಿದರು, ಆದರೆ ಸ್ನಾನಕ್ಕಲ್ಲ. ನಡುದಾರಿಯಲ್ಲೇ ತಮ್ಮ ಕೆಲಸಕ್ಕೆ ಇಳಿದುಹೋದರು. ಸ್ನಾನಗೃಹಕ್ಕಿಂತ ಗಾಡಿಯೇ ಜನಕ್ಕೆ ಬೇಕಾದದ್ದೆಂದು ಅವನಿಗೆ ಹೊಳೆಯಿತು. (ಓಮ್ನೆಸ್ ಎಂಬ ಟೋಪಿ ವ್ಯಾಪಾರಿಯ ಅಂಗಡಿ ಫಲಕದಿಂದ ಗಾಡಿಗೆ ಈ ಹೆಸರು ಬಂತೆಂಬ ಕತೆಯೂ ಉಂಟು. ಕತೆ ಸೊಗಸಾಗಿದೆ, ನಂಬಲು ಮನಸ್ಸು ಒಪ್ಪದು.) 1829ರ ಜುಲೈ 4ರಂದು ಜಾರ್ಜ್ ಶಿಲಿಬಿಯರ್ ಲಂಡನ್ನಿನಲ್ಲಿ ಮೂರು ಕುದುರೆಗಳ ಓಮ್ನಿಬಸ್ ಓಡಿಸಿದ, 22 ಜನ ಕೂರುತ್ತಿದ್ದರು. 1929ರಲ್ಲಿ ಕಟ್ಟಿದ ಅದರ ಪ್ರತಿಕೃತಿ ಅಲ್ಲಿನ ಸಾರಿಗೆ ಸಂಗ್ರಹಾಲಯದಲ್ಲಿದೆ.

ಇಂಗ್ಲಿಷರು ಪದದ ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು. ‘ಎಲ್ಲ’ ಹೋಯಿತು, ‘ರಿಗೆ’ ಉಳಿಯಿತು. ಅಂದರೆ ಬಸ್ ಎಂಬುದು ನಾಮಪದವೇ ಅಲ್ಲ, ಚತುರ್ಥೀ ವಿಭಕ್ತಿಯ ಬರೀ ಪ್ರತ್ಯಯ! ಕನ್ನಡ ಅದನ್ನು ಮನೆ ತುಂಬಿಸಿಕೊಂಡ ಬಗೆ ನನಗೆ ಬಲು ಪ್ರೀತಿ. ಉದ್ದ ಸ್ವರದ ‘ಕಾರ್’ ಬರೀ ‘ಕಾರು’ ಆಯಿತು. ಗಿಡ್ಡ ಸ್ವರದ ‘ಬಸ್’ಗೆ ಒತ್ತಕ್ಷರ ಕೊಟ್ಟು ‘ಬಸ್ಸು’ ಮಾಡಿದೆವು. ‘ಬಸ್ಸಿಗೆ ಹೊತ್ತಾತು’ ಎನ್ನುವಾಗ ನಮ್ಮ ನಾಲಗೆಯ ಮೇಲೆ ಎರಡು ಚತುರ್ಥಿಗಳು, ರೋಮಿನದೊಂದು, ನಮ್ಮದೊಂದು.

ಚಕ್ಕಡಿ ಹೊಲಕ್ಕೆ ಹೋಗುವವನದು. ಕಾರು ಕೊಂಡವನದು. ಸಂತೆಯ ಗಂಟು ಮಡಿಲಲ್ಲಿಟ್ಟ ಮುದುಕಿ, ಕಾಲೇಜಿನ ಹುಡುಗಿ, ಗೊಬ್ಬರದ ಚೀಲದವನು ಒಬ್ಬರಿಗೊಬ್ಬರು ಸರಿದು ಜಾಗ ಕೊಡುವುದು ಬಸ್ಸಿನಲ್ಲಿ. ಅಷ್ಟರಲ್ಲಿ ಕಂಡಕ್ಟರ್ ಬಂದು ಕೇಳುತ್ತಾನೆ: ‘ಎಲ್ಲಿಗ್ರಿ?’

‘ಮಿಶ್ರಿಕೋಟಿಗೆ.’