ತಲಿ ನೋಡಿ ವಿಮಾನ ಗುರುತು ಹಿಡಿಯುವುದು

ಜತ್ತದ ಯಲ್ಲಮ್ಮನ ಜಾತ್ರ್ಯಾಗ ಖಿಲಾರಿ ಹೋರಿ ಕೊಳ್ಳುವವರು ಮೊದಲು ಕೋಡು ನೋಡುತ್ತಾರೆ, ಆಮೇಲೆ ಹಣಿ, ಆಮೇಲೆ ಗೊರಸು. ಮಾರುವವನ ಮಾತು ಕಡೀಕ. ವಿಮಾನ ಗುರುತಿಸುವುದಕ್ಕೂ ಇದೇ ರೂಢಿ ಬೇಕು. ಯಾಕಂದ್ರ ನಮ್ಮ ಸಾಲಿ ಹುಡುಗರು ಈಗ ಪ್ಲಾಸ್ಟಿಕ್ ತುಂಡು ಅಂಟಿಸಿ ಯುದ್ಧವಿಮಾನದ ಮಾದರಿ ಮಾಡುತ್ತಾರೆ. ಪೆಟ್ಟಿಗೆ ಮ್ಯಾಲೆ ‘ಕ್ಯಾನ್‌ಬೆರಾ’ ಅಂತ ಇದ್ದರ ಸಾಕು, ಮೂರು ಬಣ್ಣದ ಚಕ್ರ ಬಳಿದು ‘ಗೋವಾ ಬಿಡುಗಡೆಯ ವಿಮಾನ’ ಅಂತ ಪ್ರದರ್ಶನಕ್ಕ ಇಡುತ್ತಾರೆ. ಬಹಳ ಸಲ ಅದು ಅಲ್ಲ.

ಕ್ಯಾನ್‌ಬೆರಾ ಇಂಗ್ಲೆಂಡಿನ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿ ಮಾಡಿದ ಬಾಂಬರ್. ಎರಡು ಜೆಟ್ ಇಂಜಿನ್, ಅಗಲವಾದ ರೆಕ್ಕಿ. 1949ರ ಮೇ 13ಕ್ಕ ಮೊದಲ ಸಲ ಹಾರಿತು. ಆಸ್ಟ್ರೇಲಿಯಾ ತನ್ನಲ್ಲೇ 48 ಕಟ್ಟಿಕೊಂಡಿತು, ಅಮೆರಿಕದ ಮಾರ್ಟಿನ್ ಕಂಪನಿ 403 ಕಟ್ಟಿತು. ವೆನೆಜುವೆಲಾ, ಪೆರು, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾ ಹೀಗೆ ಎಲ್ಲೆಲ್ಲೋ ಹೋಯಿತು. ಹಾಡಿನ ಧಾಟಿ ಒಂದೇ ಇದ್ದರೂ ಊರಿಂದ ಊರಿಗೆ ನುಡಿ ಬದಲಾಗುತ್ತದಲ್ಲ, ಹಂಗ ಇದರ ಮೈ ಒಂದೇ, ತಲಿ ಬ್ಯಾರೆ ಬ್ಯಾರೆ.

ನಮ್ಮ ದೇಶ 1957ರಲ್ಲಿ ಮೂರು ಜಾತಿ ತರಿಸಿತು. ಬಾಂಬು ಹಾಕುವ ಬಿ(ಐ)58 ಅನ್ನುವುದು 54, ಫೋಟೋ ತೆಗೆಯುವ ಪಿಆರ್57 ಅನ್ನುವುದು 8, ಕಲಿಯುವವರಿಗೆ ಟಿ4 ಅನ್ನುವುದು 6. ಈ ಸಂಖ್ಯೆಯೊಳಗ ಒಂದು ಕೀಲಿ ಅದ. ಬ್ರಿಟಿಷರ 8ನೆಯ ನಮೂನಿಗೆ 50 ಕೂಡಿಸಿದರ 58, 7ಕ್ಕ ಕೂಡಿಸಿದರ 57. ಇಥಿಯೋಪಿಯಾಕ್ಕ ಹೋದ 52 ಸಹಿತ ಹಂಗೇ 2ರಿಂದ ಆದದ್ದು. ಅರ್ಜೆಂಟೀನಾದವರ 62ಕ್ಕ ಮಾತ್ರ 60 ಕೂಡಿಸ್ಯಾರ. ಲೆಕ್ಕ ಎಲ್ಲಾ ಕಡೆ ಒಂದೇ ನಡೆಯೂದಿಲ್ಲ, ಅದಕ್ಕ ಸಂಖ್ಯೆ ನಂಬಿ ಕೂಡಬ್ಯಾಡ್ರಿ, ತಲಿ ನೋಡ್ರಿ.

58ರಲ್ಲಿ ಪೈಲಟ್ ಕೂಡುವ ಗಾಜಿನ ಗೂಡು ನಟ್ಟನಡುವೆ ಇಲ್ಲ, ಎಡಕ್ಕ ಸರಿದದ್ದು. ಸಣ್ಣದು, ಫೈಟರ್ ವಿಮಾನದ ಗೂಡಿನಂಗ ಎತ್ತರ. ಎದುರಿಗೆ ನಿಂತು ನೋಡಿದರ ಟೋಪಿ ವಾರೆ ಇಟ್ಟುಕೊಂಡಂಗ ಕಾಣುತ್ತದ. ದಾರಿ ನೋಡುವ ನ್ಯಾವಿಗೇಟರ್ ಮುಂದಿನ ಮೂತಿಯೊಳಗ ಇರುತ್ತಾನೆ. ಆಪತ್ತು ಬಂದರ ಪೈಲಟ್‌ಗೆ ಕುರ್ಚಿ ಸಮೇತ ಹೊರಗ ಹಾರುವ ಸೌಕರ್ಯ ಇತ್ತು, ಮೂತಿಯೊಳಗಿನವನಿಗೆ ಇರಲಿಲ್ಲ. ಅವನು ಪ್ಯಾರಾಶೂಟ್ ಕಟ್ಟಿಕೊಂಡು ಬಲಮಗ್ಗಲ ಬಾಗಿಲಿನಿಂದ ಜಿಗಿಯಬೇಕು. ವಿಮಾನ ನೆಲಕ್ಕ ಹತ್ತಿರ ಇದ್ದಾಗ ಅದು ಎಂಥ ಕೆಲಸ, ವಿಚಾರ ಮಾಡ್ರಿ. ಮಾದರಿಯಲ್ಲಿ ಆ ಬಾಗಿಲಿನ ಗೆರಿ ಬಿಡಬಾರದು ಅಂತ ನಾನು ಹುಡುಗರಿಗೆ ಹೇಳುವುದು ಇದಕ್ಕೇ.

ಹೊಟ್ಟಿಯ ಕೆಳಗ ನಾಲ್ಕು 20 ಮಿಲಿಮೀಟರ್ ತೋಪಿನ ಪೆಟ್ಟಿಗೆ ಇರುತ್ತದ. ಆದರ ಅದು ಬಿಚ್ಚಿ ಇಡುವಂಥದ್ದು, ಅದನ್ನೇ ಗುರುತು ಅಂತ ಹಿಡಿಯಬಾರದು.

ಪಿಆರ್57ರ ಗೂಡು ನಡುವಿನದು, ಬುರುಗಿನಂಗ ದುಂಡಗ. ಬಾಂಬಿಲ್ಲ, ತೋಪಿಲ್ಲ, ಬರೇ ಕ್ಯಾಮೆರಾ. 1959ರ ಏಪ್ರಿಲ್ 10, ಈದ್ ಹಬ್ಬದ ದಿನ, ಇಂಥದೊಂದು ವಿಮಾನವನ್ನು ಪಾಕಿಸ್ತಾನದ ಸೇಬರ್ ವಿಮಾನ ರಾವಲ್ಪಿಂಡಿ ಹತ್ತಿರ ಹೊಡೆದು ಕೆಡವಿತು. ಒಳಗಿದ್ದ ಸೇನ್‌ಗುಪ್ತಾ ಮತ್ತು ರಾಂಪಾಲ್ ಹೊರಗ ಹಾರಿ ಜೀವ ಉಳಿಸಿಕೊಂಡರು. ಇದನ್ನು ತೋರಿಸುವ ಮಾದರಿಗೆ 58ರ ವಾರೆ ಗೂಡು ಹಚ್ಚಿದರ ಕತಿಯೇ ಸುಳ್ಳಾಗುತ್ತದ. ಆಯುಧ ಇಲ್ಲದೆ ಹೋದವರನ್ನು ಬಾಂಬು ಹೊತ್ತು ಹೋದವರು ಅಂದಂಗ ಆಗುತ್ತದ.

ಇನ್ನು ಗೋವಾ. 1961ರ ಡಿಸೆಂಬರ್ 18ಕ್ಕ ಪುಣೆಯಿಂದ ಎದ್ದ 12 ಕ್ಯಾನ್‌ಬೆರಾ ದಾಬೋಳಿ ವಿಮಾನ ನಿಲ್ದಾಣದ ಓಡುದಾರಿಗೆ ಬಾಂಬು ಹಾಕಿದವು. ಈಗ ನಮ್ಮ ಕನ್ನಡ ಮಂದಿ ದುಡಿಯಾಕ ಹೋಗುವ ಗೋವಾದ ಅದೇ ದಾಬೋಳಿ. ಕಟ್ಟಡಕ್ಕ ಧಕ್ಕಿ ಆಗಬಾರದು ಅಂತ ಅಪ್ಪಣೆ ಇತ್ತು. ಆ ರಾತ್ರಿ ಪೋರ್ಚುಗೀಸರು ಓಡುದಾರಿಗೆ ತ್ಯಾಪಿ ಹಚ್ಚಿ ಎರಡು ದೊಡ್ಡ ವಿಮಾನ ಹಾರಿಸಿಕೊಂಡು ಹೋದರು, ಅದು ಬ್ಯಾರೆ ಮಾತು. ಆ ವರ್ಷ ನಮ್ಮಲ್ಲಿ ಬಾಂಬು ಹಾಕುವ ಕ್ಯಾನ್‌ಬೆರಾ ಅಂದ್ರ 58 ಒಂದೇ. ಹಂಗಂದ ಮ್ಯಾಲೆ ಗೋವಾದ ಮಾದರಿಗೆ ವಾರೆ ಟೋಪಿಯೇ ಬೇಕು. ಬ್ರಿಟಿಷರ ಮೊದಲಿನ ನಮೂನಿಯ ದುಂಡು ಗೂಡಿನ ಪೆಟ್ಟಿಗೆ ತಂದು ನಮ್ಮ ಚಕ್ರ ಬಳಿದರ ನಡೆಯೂದಿಲ್ಲ.

1970ರ ಸುಮಾರಿಗೆ ಗೊಂದಲ ಆಯಿತು. ನ್ಯೂಜಿಲೆಂಡ್ ಬಳಸಿ ಬಿಟ್ಟವನ್ನು ನಾವು ಕೊಂಡೆವು, ಅವೂ ಹೆಚ್ಚಿನವು ವಾರೆ ಗೂಡಿನವೇ. ಬ್ರಿಟಿಷರ ಹಳೇವು 10 ಬಂದವು, 66 ಅಂತ ಹೆಸರು. ಅವು ಬಾಂಬರ್ ಆದರೂ ದುಂಡು ಗೂಡು! ಅಂದಮ್ಯಾಲೆ ಆ ನಂತರದ ಫೋಟೋದಲ್ಲಿ ದುಂಡು ಗೂಡು ಕಂಡರ ಕ್ಯಾಮೆರಾದ್ದೇ ಅನ್ನಲಿಕ್ಕೆ ಬರೂದಿಲ್ಲ. ಆಗ ಉದ್ದ ಅಳಿಯಬೇಕು. ಕ್ಯಾಮೆರಾ ಜಾತಿಯ ಮೈ ರೆಕ್ಕಿಯ ಮುಂದ 14 ಇಂಚು ಹೆಚ್ಚು ಉದ್ದ. 72ಕ್ಕೊಂದು ಅಳತಿಯ ಮಾದರಿಯಲ್ಲಿ ಅದು ಬರೇ 5 ಮಿಲಿಮೀಟರ್, ಒಂದು ಜೋಳದ ಕಾಳಿನಷ್ಟು. ಬಾಂಬರ್ ಪೆಟ್ಟಿಗೆಯಿಂದ ಕ್ಯಾಮೆರಾ ವಿಮಾನ ಮಾಡಬೇಕಂದ್ರ ರೆಕ್ಕಿಯ ಮುಂದ ಮೈ ಕತ್ತರಿಸಿ ಅಷ್ಟು ತುಂಡು ಸೇರಿಸಬೇಕು.

ಪಾಕಿಸ್ತಾನದ ಬಿ-57 ಸಹ ಇದೇ ಬಳಗದ್ದು, ಅಮೆರಿಕ ಕಟ್ಟಿದ್ದು. ಅದರಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ಒಂದೇ ಉದ್ದ ಗಾಜಿನ ಕೆಳಗ ಕೂಡುತ್ತಾರೆ. ದೂರದಿಂದಲೇ ತಿಳಿಯುತ್ತದ. 1965ರ ಯುದ್ಧದಲ್ಲಿ ಒಂದೇ ಬಳ್ಳಿಯ ಕಾಯಿ ಎರಡೂ ಕಡೆಯಿಂದ ಬಾಂಬು ಹಾಕಿದವು.

ಮಾದರಿ ಮಾಡುವವರು ಮೊದಲು ಇಸವಿ ಗಟ್ಟಿ ಮಾಡಿಕೊಳ್ಳಬೇಕು, ಬಣ್ಣ ಆಮೇಲೆ. ಕಾರ್ಗಿಲ್ ಅಂದರ ಕ್ಯಾಮೆರಾ ಜಾತಿ. 1999ರ ಮೇ 21ಕ್ಕ ಅದರ ಬಲ ಇಂಜಿನ್‌ಗೆ ಕ್ಷಿಪಣಿ ಬಡಿದರೂ ಪೈಲಟ್ ಪೆರುಮಾಳ್ ಎಡ ಇಂಜಿನ್ ಒಂದರ ಮ್ಯಾಲೇ ಶ್ರೀನಗರಕ್ಕ ತಂದು ಇಳಿಸಿದರು. ಕಡೆಯ ಕ್ಯಾನ್‌ಬೆರಾಗಳನ್ನು 2007ರ ಮೇ 11ಕ್ಕ ಆಗ್ರಾದಲ್ಲಿ ಬೀಳ್ಕೊಟ್ಟರು. ಬೆಂಗಳೂರಿನ ಎಚ್‌ಎಎಲ್ ವಸ್ತು ಸಂಗ್ರಹಾಲಯದ ಅಂಗಳದಲ್ಲಿ ಒಂದು ನಿಂತದ. ಗುರುಗಳು ಹುಡುಗರನ್ನು ಸಹಲಿಗೆ ಒಯ್ದಾಗ ಹಲಿಗೆ ಮೇಲಿನ ಹೆಸರು ಓದುವ ಮೊದಲು ಎದುರಿಗೆ ನಿಲ್ಲಿಸಿ ತಲಿ ನೋಡಿಸಲಿ.