ತರಂಗಂಬಾಡಿಯಿಂದ ಮದರಾಸಿಗೆ: ದಕ್ಷಿಣ ಭಾರತದ ಸಭೈಕ್ಯದ ಚರಿತ್ರೆ

ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರಗಳಷ್ಟೇ ಕಳೆದಿದ್ದ 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಂಬ ನಾಲ್ಕು ಪರಂಪರೆಗಳ ಕ್ರೈಸ್ತರು ಕೂಡಿ 'ದಕ್ಷಿಣ ಭಾರತ ಸಭೆ' ಎಂಬ ಒಂದೇ ಸಭೆಯಾದರು. ಬಿಷಪ್ಪರ ಪರಂಪರೆಯನ್ನು ಪ್ರಾಣವೆಂದು ಕಾಯ್ದುಕೊಂಡ ಸಭೆಯೂ ಬಿಷಪ್ಪರಿಲ್ಲದೆಯೇ ಬಾಳಿದ ಸಭೆಗಳೂ ಒಂದಾದುದು ಯೂರೋಪಿನ ಮತಸುಧಾರಣೆಯ ತರುವಾಯ ಇದೇ ಮೊದಲು. ಒಡಕು ಹುಟ್ಟಿದ ಯೂರೋಪಿನಲ್ಲಿ ಸಾಧ್ಯವಾಗದ ಈ ಕಾರ್ಯವು, ಆ ಒಡಕನ್ನು ಪಿತ್ರಾರ್ಜಿತ ಋಣದಂತೆ ಹೊತ್ತಿದ್ದ ನಮ್ಮ ನೆಲದಲ್ಲಿ ಏಕೆ ಸಾಧ್ಯವಾಯಿತೆಂಬುದು ವಿಚಾರಾರ್ಹವಾದ ಪ್ರಶ್ನೆ.

ಮಿಷನ್ನುಗಳು ಪರಸ್ಪರ ಸ್ಪರ್ಧೆಯನ್ನು ತಪ್ಪಿಸಲು ಪ್ರದೇಶಗಳನ್ನು ಹಂಚಿಕೊಂಡಿದ್ದುವು. ಕನ್ನಡನಾಡಿನಲ್ಲಿಯೇ ನೋಡಿದರೆ, ಬಳ್ಳಾರಿಯ ಸೀಮೆ ಲಂಡನ್ ಮಿಷನ್ನಿನದು, ಮೈಸೂರು ಸಂಸ್ಥಾನದ ಬಹುಭಾಗ ಮೆಥೊಡಿಸ್ಟರಾದ ವೆಸ್ಲಿಯನ್ನರದು, ಮಂಗಳೂರು ಧಾರವಾಡಗಳು ಬಾಸೆಲ್ ಮಿಷನ್ನಿನವು. ಅದರಿಂದ ಒಬ್ಬ ಗ್ರಾಮಸ್ಥನು ಮೆಥೊಡಿಸ್ಟನಾಗುವುದೋ ಕಾಂಗ್ರಿಗೇಷನಲ್ಲನಾಗುವುದೋ ಅವನ ಮತವಿಮರ್ಶೆಯಿಂದಲ್ಲ, ಅವನ ಊರು ಯಾರ ಪಾಲಿಗೆ ಬಂದಿತೆಂಬುದರಿಂದ ನಿರ್ಣಯವಾಗುತ್ತಿದ್ದಿತು. ತಾನು ಆರಿಸಿಕೊಳ್ಳದ ಭೇದಕ್ಕಾಗಿ ಅವನು ನೆರೆಯ ತಾಲ್ಲೂಕಿನ ಕ್ರೈಸ್ತನೊಡನೆ ಪ್ರಭುಭೋಜನಕ್ಕೆ ಕೂಡುವಂತಿಲ್ಲದಿರುವುದು ಎಂತಹ ವ್ಯಸನಕರ ಸ್ಥಿತಿ!

ಈ ವ್ಯಸನವನ್ನು ತೀವ್ರವಾಗಿ ಅನುಭವಿಸಿದವರಲ್ಲಿ ಅಗ್ರಗಣ್ಯರು ವಿ. ಎಸ್. ಅಜರಯ್ಯನವರು. 1912ರಲ್ಲಿ ದೋರ್ನಕಲ್ಲಿನ ಬಿಷಪ್ಪರಾಗಿ, ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಪ್ರಥಮ ಭಾರತೀಯರೆನಿಸಿದ ಇವರು, ತೆಲುಗುನಾಡಿನ ಮಾಲ ಮಾದಿಗ ಜನರ ನಡುವೆ ದುಡಿದವರು. ಜಾತಿಯ ಗೋಡೆಯಿಂದ ಹೊರಬಂದವರನ್ನು ಪಾಶ್ಚಾತ್ಯ ಸಭಾಭೇದಗಳ ಗೋಡೆಗಳೊಳಗೆ ಮತ್ತೆ ನಿಲ್ಲಿಸುವುದು ಸುವಾರ್ತೆಗೆ ವಿರುದ್ಧವೆಂಬ ದೃಢನಂಬುಗೆ ಅವರದು. 1919ರ ಮೇ ಆದಿಯಲ್ಲಿ ತರಂಗಂಬಾಡಿಯಲ್ಲಿ ನೆರೆದ 33 ಮಂದಿ ಸಭಾಪಾಲಕರು, ಈ ವಿಭಾಗಗಳು ತಾವು ಮಾಡಿದುವಲ್ಲ, ಹೊರಗಿನಿಂದ ತಮ್ಮ ಮೇಲೆ ಬಂದುವೆಂದು ಘೋಷಿಸಿ ಐಕ್ಯಕ್ಕೆ ಕರೆಯಿತ್ತರು. ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳು 1908ರಲ್ಲಿಯೇ ಕೂಡಿ 'ದಕ್ಷಿಣ ಭಾರತ ಐಕ್ಯ ಸಭೆ'ಯಾಗಿದ್ದುದರಿಂದ ಮಾತುಕತೆ ಮೊದಲು ಅವರಿಗೂ ಆಂಗ್ಲಿಕನ್ನರಿಗೂ ನಡೆಯಿತು. 1925ರಲ್ಲಿ ವೆಸ್ಲಿಯನ್ನರೂ ಬಂದು ಸೇರಿದರು.

ಅಲ್ಲಿಂದ ಮುಂದಿನ ಎರಡು ದಶಕಗಳ ಚರ್ಚೆಯಲ್ಲಿ ಶಾಸ್ತ್ರಗ್ರಂಥ, ವಿಶ್ವಾಸಪ್ರಮಾಣಗಳು, ದೀಕ್ಷಾಸ್ನಾನ, ಪ್ರಭುಭೋಜನ ಇವುಗಳ ವಿಷಯದಲ್ಲಿ ಒಮ್ಮತ ಅಷ್ಟು ಕಷ್ಟವಾಗಲಿಲ್ಲ. ತೊಡಕೆಲ್ಲ ಸಭಾಸೇವೆಯದು. ಬಿಷಪ್ಪರ ಹಸ್ತಾರ್ಪಣವಿಲ್ಲದೆ ನೇಮಕವಾದ ಪಾಲಕನು ನಡಸುವ ಭೋಜನವು ಸಿಂಧುವೇ ಎಂಬ ಶಂಕೆ ಒಂದು ಪಕ್ಷದ್ದು. ಅಂಥವನಿಗೆ ಮತ್ತೆ ಹಸ್ತಾರ್ಪಣ ಮಾಡುವುದೆಂದರೆ ಅವನ ಇದುವರೆಗಿನ ಸೇವೆಯನ್ನು ಶೂನ್ಯವೆಂದಂತಾಗುವುದೆಂಬ ನೋವು ಇನ್ನೊಂದರದು. ಕೊನೆಗೆ ಕಂಡ ಪರಿಹಾರ ಹೀಗಿತ್ತು: ಕೂಡುವ ಸಭೆಗಳ ಪಾಲಕರೆಲ್ಲರನ್ನೂ ಮರುನೇಮಕವಿಲ್ಲದೆ ಸ್ವೀಕರಿಸತಕ್ಕದ್ದು; ಮುಂದಿನ ನೇಮಕಗಳೆಲ್ಲ ಬಿಷಪ್ಪರಿಂದಲೇ ಆಗತಕ್ಕದ್ದು; ಮೂವತ್ತು ವರ್ಷ ಈ ಮಿಶ್ರಸ್ಥಿತಿ ನಡೆಯಲು ಬಿಟ್ಟು, ತಮಗೆ ಆತ್ಮಸಾಕ್ಷಿಯಿಂದ ಒಪ್ಪಿಗೆಯಾಗದ ಪಾಲಕನನ್ನು ಯಾವ ಸಭೆಯ ಮೇಲೂ ಹೇರುವುದಿಲ್ಲವೆಂದು ಪರಸ್ಪರ ವಚನ ಕೊಡತಕ್ಕದ್ದು.

ಈ ಏರ್ಪಾಡನ್ನು ದೌರ್ಬಲ್ಯವೆಂದು ಕಂಡವರು ಇಂಗ್ಲೆಂಡಿನಲ್ಲಿ ಕಡಮೆಯಿರಲಿಲ್ಲ. ಕವಿ ಟಿ. ಎಸ್. ಎಲಿಯಟ್ಟರು 1943ರಲ್ಲಿ ಇದರ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದರು. ಆಂಗ್ಲಿಕನ್ ಬಿಷಪ್ಪರ 1948ರ ಲ್ಯಾಂಬೆತ್ ಸಮ್ಮೇಳನವು ಹೊಸ ಸಭೆಗೆ ಪೂರ್ಣ ಸಹಭಾಗಿತ್ವವನ್ನು ನೀಡಲಿಲ್ಲ. 1955ರಲ್ಲಿ ಇಂಗ್ಲೆಂಡಿನ ಸಭೆ ಮಿತವಾದ ಮನ್ನಣೆಯನ್ನಷ್ಟೇ ಇತ್ತಿತು. ನಂದ್ಯಾಲದ ಆಂಗ್ಲಿಕನ್ನರಲ್ಲಿ ಬಹುಮಂದಿ ಹೊರಗೇ ಉಳಿದರು. ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು. ತಮ್ಮ ಆಂಗ್ಲಿಕನ್ ಸಭೆಯ ಮಹಾಸಮಿತಿ ಅದೇ ತಿಂಗಳಲ್ಲಿ ಐಕ್ಯಕ್ಕೆ ಒಪ್ಪಿದುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

ಆದರೆ ದೌರ್ಬಲ್ಯವೆನಿಸಿದುದೇ ಈ ಪ್ರಯೋಗದ ಬಲವೆಂದು ನನ್ನ ನಿಶ್ಚಯ. ಮೊದಲು ಸಿದ್ಧಾಂತದಲ್ಲಿ ಸಂಪೂರ್ಣ ಸಮ್ಮತಿ, ಬಳಿಕ ಐಕ್ಯ ಎಂಬ ಕ್ರಮವನ್ನು ಬಿಟ್ಟು, ಒಂದೇ ಸಭೆಯಲ್ಲಿ ಬಾಳುತ್ತ ಸಮ್ಮತಿಯನ್ನು ಬೆಳೆಸಿಕೊಳ್ಳುವ ಕ್ರಮವನ್ನು ಅವರು ಹಿಡಿದರು. ಇಂಗ್ಲೆಂಡಿನಲ್ಲಿ ಆಂಗ್ಲಿಕನ್ನರಿಗೂ ಮೆಥೊಡಿಸ್ಟರಿಗೂ ನಡೆದ ಸಂಧಾನವು, ಉಭಯರ ಸೇವಾವರ್ಗಗಳನ್ನು ಆದಿಯಲ್ಲಿಯೇ ಸಮನ್ವಯಗೊಳಿಸುವ ವಿಧಿಯನ್ನು ಬಹು ಜಾಗರೂಕತೆಯಿಂದ ರಚಿಸಿಕೊಂಡೂ, 1969ರಲ್ಲೊಮ್ಮೆ 1972ರಲ್ಲೊಮ್ಮೆ ಆಂಗ್ಲಿಕನ್ನರ ಸಾಕಷ್ಟು ಮತಗಳು ದೊರೆಯದೆ ಬಿದ್ದುಹೋಯಿತು. ಅಂತಹುದೇ ವಿಧಿಯನ್ನನುಸರಿಸಿ 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು 'ಉತ್ತರ ಭಾರತ ಸಭೆ'ಯಾಗಿ ಕೂಡಿದುದೂ ಸತ್ಯವೇ. ಆದರೆ ದಕ್ಷಿಣದ ನಿದರ್ಶನ ಕಣ್ಣೆದುರಿಗೆ ಇಲ್ಲದಿದ್ದರೆ ಅಷ್ಟು ಧೈರ್ಯ ಬರುತ್ತಿದ್ದಿತೇ ಎಂಬುದು ಸಂದೇಹ.

ಕನ್ನಡನಾಡಿನಲ್ಲಿ ಸಹಕಾರವು ದಕ್ಷಿಣ ಭಾರತ ಸಭೆಯ ಸಂವಿಧಾನಕ್ಕಿಂತ ಮೊದಲೇ ಮೊಳೆತಿದ್ದಿತು. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲ್ಲನ್ನು ಮುಂದೆ ಬಾಸೆಲ್ಲಿನ ಪಂಡಿತರೂ ಸೇರಿ ತಿದ್ದಿದರು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಷ್ಟು ಹಿಂದೆಯೇ ಭಿನ್ನ ಸಭೆಗಳ ವಿದ್ಯಾರ್ಥಿಗಳನ್ನು ಒಂದು ಪೀಠದಡಿ ಕೂರಿಸಿತು. 1947ರಲ್ಲಿ ಹೊರಗುಳಿದಿದ್ದ ಮಂಗಳೂರು ಮತ್ತು ಮುಂಬಯಿ ಕರ್ನಾಟಕದ ಬಾಸೆಲ್ ಸಭೆಗಳು ಮುಂದಿನ ದಶಕಗಳಲ್ಲಿ ಒಳಬಂದುವು.

ಇನ್ನು ಭವಿಷ್ಯದ ಮಾತು. ಲೂಥರನ್ನರೊಡನೆ ದಶಕಗಟ್ಟಲೆ ನಡೆದ ಸಂವಾದ ಏಕಸಭೆಯವರೆಗೆ ಮುಟ್ಟಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯ 1964ರ ಐಕ್ಯಶಾಸನವು ಕೆಥೋಲಿಕರ ಬಾಗಿಲನ್ನು ತೆರೆದರೂ ಪ್ರಭುಭೋಜನದ ಮೇಜು ಇಂದಿಗೂ ಬೇರೆಯಾಗಿಯೇ ಇದೆ. ಇವೆಲ್ಲಕ್ಕೂ ಮೂವತ್ತು ವರ್ಷಗಳ ಆ ವಿಶ್ವಾಸದ ವಚನದಂಥದೊಂದು ಬೇಕಾಗುವುದು. ಇದಕ್ಕಿಂತಲೂ ಕಠಿಣವಾದುದು ಜಾತಿಯ ಪ್ರಶ್ನೆ. ಸಭಾಭೇದವನ್ನು ನೀಗಿದ ಸಭೆಗಳೊಳಗೂ ಚುನಾವಣೆಯಲ್ಲಿ, ಮದುವೆಯಲ್ಲಿ, ಕೆಲವೆಡೆ ಸ್ಮಶಾನದಲ್ಲಿಯೂ ಜಾತಿ ಉಳಿದಿದೆಯೆಂಬುದನ್ನು ದಲಿತ ಕ್ರೈಸ್ತರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ದೋರ್ನಕಲ್ಲಿನ ಬಡವರಿಗೋಸ್ಕರ ಆರಂಭವಾದ ಐಕ್ಯವು ಅವರ ಮಕ್ಕಳ ಈ ದೂರನ್ನು ವಿಚಾರಣೆಗೆ ಎತ್ತಿಕೊಳ್ಳುವವರೆಗೆ, ಮದರಾಸಿನಲ್ಲಿ ಸಹಿಯಾದ ಸಂವಿಧಾನದ ಕಾರ್ಯ ಅರ್ಧದಲ್ಲಿಯೇ ನಿಂತಿರುತ್ತದೆ.